ಬಾರದ ಅತಿಥಿಯ ತಟ್ಟೆ

ಅಮೆರಿಕದ ಒಂದು ಚಳಿಯೂರಿನಲ್ಲಿ ಒಬ್ಬ ಸಾಹುಕಾರನಿದ್ದ. ಅವನ ಹಿರಿಯರು ಪೋಲೆಂಡಿನವರು. ವರ್ಷವಿಡೀ ಪಿಜ್ಜಾ, ಬರ್ಗರ್ ತಿಂದರೂ ಕ್ರಿಸ್‌ಮಸ್ ಹಿಂದಿನ ಸಂಜೆ ಮಾತ್ರ ಅವನಿಗೆ ಅಮ್ಮನ ಕೈಯಡುಗೆಯೇ ಆಗಬೇಕು. ಬೀಟ್‌ರೂಟ್ ಸಾರು, ಹುಳಿ ಬರಿಸಿದ ಎಲೆಕೋಸು, ಆಲೂಗಡ್ಡೆ ಹೂರಣದ ಪಿಯೆರೋಗಿ. ಹೆಸರು ಕೇಳಿ ಗಾಬರಿಯಾಗಬೇಡಿ, ಪಿಯೆರೋಗಿ ನಮ್ಮ ಕಡುಬಿನ ದೂರದ ನೆಂಟ! ಬೆಣ್ಣೆಯಲ್ಲಿ ಹುರಿದ ಈರುಳ್ಳಿ ಅದರ ಮೇಲೆ ಬಿದ್ದರೆ... ಇರಲಿ, ನಿಮಗೂ ಹಸಿವಾಗಿದೆ, ನನಗೂ ಹಸಿವಾಗಿದೆ.

ಆ ಜನರಲ್ಲಿ ಒಂದು ಪದ್ಧತಿಯಿದೆ, ನೋಡಿ. ಆ ಸಂಜೆ ಊಟದ ಮೇಜಿನ ಮೇಲೆ ಒಂದು ತಟ್ಟೆ ಹೆಚ್ಚಿಗೆ ಇಡುತ್ತಾರೆ. ಯಾರಿಗೆ? ಹೇಳದೆ ಕೇಳದೆ ಬರುವ ಅತಿಥಿಗೆ. ಸಾಹುಕಾರ ಅದಕ್ಕೆಂದೇ ಚಿನ್ನದಂಚಿನ ತಟ್ಟೆ ತರಿಸಿದ್ದ. ತಾನೇ ಒರೆಸುತ್ತಿದ್ದ, ತಾನೇ ಇಡುತ್ತಿದ್ದ. ಅದರಲ್ಲಿ ಯಾರಾದರೂ ಉಂಡರೇ? ಒಬ್ಬರೂ ಇಲ್ಲ!

ಒಂದು ವರ್ಷ ಹಿಮ ಸುರಿದು ದಾರಿಗಳೆಲ್ಲ ಮುಚ್ಚಿಹೋದವು. ಮನೆಮಂದಿ ಇನ್ನೇನು ಊಟಕ್ಕೆ ಕೂರಬೇಕು, ಬಾಗಿಲು ಬಡಿದ ಸದ್ದಾಯಿತು. ಪಕ್ಕದ ಮನೆಯ ಜರ್ಮನ್ ಅಜ್ಜ! ಕೈಯಲ್ಲಿ ಒಂದು ಬೋಗುಣಿ ಆಲೂಗಡ್ಡೆ ಸಲಾಡ್, ಮೇಲೆ ಸಾಸೇಜು.

"ಮಕ್ಳು ಬರಕ್ಕಾಗ್ಲಿಲ್ಲಪ್ಪ. ಒಬ್ನೇ ತಿನ್ನಕ್ಕೆ ಮನಸ್ಸಾಗ್ಲಿಲ್ಲ. ನಿಮ್ ಜೊತೆ ಕೂತ್ಕೊಳ್ಲಾ?"

ಸಾಹುಕಾರನಿಗೆ ಫಜೀತಿ. ಆ ಸಂಜೆ ಅವರ ಮನೆಯಲ್ಲಿ ಮಾಂಸ ಮುಟ್ಟುವಂತಿಲ್ಲ, ಇಲ್ಲಿ ಸಾಸೇಜೇ ಹೊಸ್ತಿಲಿಗೆ ಬಂದು ನಿಂತಿದೆ! ಇನ್ನು ತಟ್ಟೆ? ಮೇಜಿನ ಮೇಲೆ ಖಾಲಿ ಉಳಿದದ್ದು ಅತಿಥಿಯದೊಂದೇ. 'ಇವನಿಗೆ ಕೊಟ್ಟುಬಿಟ್ಟರೆ, ಆಮೇಲೆ ನಿಜವಾದ ಅತಿಥಿ ಬಂದರೆ ಏನು ಗತಿ?' ನಗಬೇಡಿ, ಅವನು ಹಾಗೆಯೇ ಯೋಚಿಸಿದ!

"ತಟ್ಟೆ ಇಲ್ವಲ್ಲ ಅಜ್ಜಾ," ಎಂದ. ಅಜ್ಜ ತಲೆಯಾಡಿಸಿ ಹಿಂತಿರುಗಿದ.

ಒಳಗಿನಿಂದ ಅಮ್ಮ ಕೇಳಿದಳು, "ಯಾರೋ ಬಂದಿದ್ದು?"

"ಯಾರೂ ಇಲ್ಲಮ್ಮ, ಪಕ್ಕದ್ಮನೆಯವ್ನು."

ಕೇಳಿದಿರಾ? ಯಾರೂ ಇಲ್ಲವಂತೆ, ಪಕ್ಕದ ಮನೆಯವನಂತೆ!

ಅಮ್ಮ ಸೌಟು ಹಿಡಿದೇ ಬಂದಳು. "ಹೇಳ್ದೆ ಕೇಳ್ದೆ ಬಂದಿದಾನೆ, ಹಸ್ಕೊಂಡು ಬಂದಿದಾನೆ. ಇನ್ನೆಂಥ ಅತಿಥಿ ಬೇಕೋ ನಿನಗೆ? ದೇವಲೋಕದಿಂದ ಇಳೀಬೇಕಾ?"

ಸಾಹುಕಾರ ಇಂಗು ತಿಂದ ಮಂಗನಂತಾದ. ಮನೆಯೊಳಗಿನ ಚಪ್ಪಲಿಯಲ್ಲೇ ಹಿಮಕ್ಕೆ ಓಡಿದ. ನೋಡಿದರೆ, ಅಜ್ಜ ಆಗಲೇ ವಾಪಸ್ಸು ಬರುತ್ತಿದ್ದಾನೆ! ಕಂಕುಳಲ್ಲಿ ಅಂಚು ಒಡೆದ ಒಂದು ತಟ್ಟೆ.

"ತಟ್ಟೆ ತಾನೇ ಇಲ್ದೆ ಇದ್ದಿದ್ದು? ಅದಕ್ಕೇನಂತೆ, ನಂದೇ ತಂದೆ."

ಸಾಹುಕಾರನಿಗೆ ನಾಚಿಕೆಯಾಯಿತು, ಕಣ್ಣು ತುಂಬಿತು. ಆ ಸಂಜೆ ಅಜ್ಜ ಚಿನ್ನದಂಚಿನ ತಟ್ಟೆಯಲ್ಲಿ ಸಾಕು ಸಾಕೆನ್ನುವಷ್ಟು ಪಿಯೆರೋಗಿ ಉಂಡ. ಒಡೆದ ತಟ್ಟೆಯಲ್ಲಿ ಸಾಹುಕಾರ ಉಂಡ. ಸಾಸೇಜನ್ನು ಅಮ್ಮ ಮರುದಿನ ಬೆಳಿಗ್ಗೆಗೆಂದು ಎತ್ತಿಟ್ಟಳು.

ಈಗ ನಮ್ಮ ವಿಷಯಕ್ಕೆ ಬರೋಣವೇ? 'ಕರ್ತನೇ, ನಮ್ಮ ಮನೆಗೆ ಬಾ' ಎಂದು ಚರ್ಚಿನಲ್ಲಿ ಗಂಟಲು ಹರಿಯುವಂತೆ ಹಾಡುತ್ತೀರಿ. ಅದೇ ಪಕ್ಕದ ಮನೆಯವರು ಬೆಲ್ ಒತ್ತಿದರೆ? ಟೀವಿ ಸದ್ದು ತಗ್ಗಿಸಿ, ಉಸಿರು ಬಿಗಿಹಿಡಿದು ಕೂರುತ್ತೀರಿ! ಶೋಕೇಸಿನ ಹೊಸ ಕಪ್ಪುಗಳು ಯಾವ ಅತಿಥಿಗಾಗಿ ಧೂಳು ಕುಡಿಯುತ್ತಿವೆ, ಹೇಳಿ? ಇಂದೇ ಅವನ್ನು ಕೆಳಗಿಳಿಸಿ ತೊಳೆಯಿರಿ. ಬಾಗಿಲು ಬಡಿದ ಸದ್ದಾಗಿ, ಯಾರೆಂದು ಒಳಗಿನಿಂದ ಕೇಳಿದರೆ 'ಯಾರೂ ಇಲ್ಲ' ಎನ್ನಬೇಡಿ. 'ನಮ್ಮ ಅತಿಥಿ ಬಂದ್ರು, ತಟ್ಟೆ ಹಾಕು' ಎನ್ನಿ.