ಭಾವನ ಪಿಕಪ್ಪಿಗೆ ಕೊಂಡಿ

...ಅಲ್ಲ ಭಾವ, ಬಣ್ಣ ನೋಡಿ ಗಾಡಿ ಆರಿಸೋ ವಯಸ್ಸೇ ನಮ್ಮದು? ಆ ಬಿಳೀದರ ಹತ್ತಿರ ನಿಲ್ಲಬೇಡಿ, ಅದು ಮದುವೆಮನೆಗೆ ಹೋಗಿಬರೋ ಜಾತಿ. ಇತ್ತ ಬನ್ನಿ. ಈ ಬೂದು ಬಣ್ಣದ್ದು... ಹೂಂ, ಮುಖ ಸ್ವಲ್ಪ ಒರಟು, ಒಪ್ಪಿದೆ. ನನ್ನ ಮುಖವೂ ಒರಟೇ, ಆದರೂ ತಂಗಿಯನ್ನ ಕೊಟ್ಟಿರಲ್ಲ? ಯಾಕೆ ನಗ್ತೀರಿ? ಬೇಡ, ಬೇಡ, ನಗಿ. ಎರಡು ವರ್ಷವಾಯ್ತು ಆ ಹಲ್ಲು ನೋಡಿ.

ಕೂತ್ಕೊಳ್ಳಿ. ಆ ಟಯರಿನ ಮೇಲೇ ಕೂತ್ಕೊಳ್ಳಿ. ನನ್ನ ವರ್ಕ್‌ಶಾಪಿನಲ್ಲಿ ಕುರ್ಚಿ ಅಂತ ಇರೋದು ಒಂದೇ, ಅದಕ್ಕೂ ಒಂದು ಕಾಲು... ಥೂ. ಬಿಡಿ. ಕುರ್ಚಿಯ ಮಾತು ಬೇಡ.

ಹೋದ ವಾರ ಲೈಸೆನ್ಸು ವಾಪಸು ಬಂತು ಅಂತ ನಿಮ್ಮ ತಂಗಿ ಹೇಳಿದಳಲ್ಲ, ಆ ಕ್ಷಣವೇ ನಿಶ್ಚಯ ಮಾಡಿದೆ. ಭಾವ ಮತ್ತೆ ಮರದ ಕೆಲಸಕ್ಕೆ ಹೊರಡಬೇಕು. ಹೊರಡೋದಾದ್ರೆ ನಾನು ಆರಿಸಿದ, ನಾನೇ ಕೈಯಾರೆ ಸಜ್ಜು ಮಾಡಿದ ಗಾಡಿಯಲ್ಲೇ ಹೊರಡಬೇಕು. ಬೇಡ ಅನ್ನಬೇಡಿ. ತಲೆ ಆಡಿಸಬೇಡಿ! ಬಿರುಗಾಳಿಗೆ ಮರ ಬಿದ್ದು ರಸ್ತೆ ಕಟ್ಟಿದಾಗ ಜನ ಈಗ ಯಾರನ್ನೋ ಕರೀತಾರೆ. ಬಂದವನು ಕೊಂಬೆ ಎಲ್ಲಿದೆ, ಕಾಂಡ ಎಲ್ಲಿದೆ ಅಂತ ಮರದ ಸುತ್ತ ಪ್ರದಕ್ಷಿಣೆ ಹಾಕ್ತಾನೆ. ನೀವಿದ್ದಿದ್ರೆ ಅಷ್ಟರಲ್ಲಿ ಅದು ಸೌದೆಯಾಗಿ ಗಾಡಿ ಹತ್ತಿರ್ತಿತ್ತು.

ಸರಿ, ಕೇಳಿ. ಎಳೆಯೋ ಶಕ್ತಿ ಎಷ್ಟು ಅಂತ ಎಲ್ಲರೂ ಕೇಳ್ತಾರೆ. ನಿಲ್ಲಿಸೋ ಶಕ್ತಿ ಎಷ್ಟು ಅಂತ ಕೇಳೋ ಪುಣ್ಯಾತ್ಮನನ್ನ ನಾನಿನ್ನೂ ಕಂಡಿಲ್ಲ. ನಿಮ್ಮದು ಕೊಂಬೆ ಪುಡಿ ಮಾಡೋ ಯಂತ್ರ. ಟ್ರೇಲರಿನ ಮೇಲೆ ಅದು ಕೂತ್ರೆ ಎರಡು ಟನ್ನು. ಅದರ ಮೇಲೆ ಪಿಕಪ್ಪಿನ ಬೆನ್ನಿಗೆ ದಿಮ್ಮಿ, ಹಗ್ಗ, ಗರಗಸ, ಡೀಸೆಲ್ ಕ್ಯಾನು. ಗಾಡಿಯ ಬಾಗಿಲು ತೆಗೆದು ಅದರ ಪಕ್ಕದ ಕಂಬಕ್ಕೆ ಅಂಟಿಸಿರೋ ಚೀಟಿ ಓದಿ. ಜಾಹೀರಾತಿನ ಮಾತೆಲ್ಲ ಬೊಗಳೆ, ನಿಜ ಹೇಳೋದು ಆ ಚೀಟಿ ಒಂದೇ. ಬೆನ್ನಿನ ಮೇಲೆ ಎಷ್ಟು, ಹಿಂದಿನ ಆಕ್ಸಲ್ಲಿಗೆ ಎಷ್ಟು, ಎಲ್ಲ ಇದೆ. ಹಿಂದೆ ಎರಡೆರಡು ಚಕ್ರ ನೋಡಿದ್ರಾ? ಗಾಳಿ ಅಡ್ಡ ಬಡಿದ್ರೂ ಸೊಂಟ ಆಡಿಸಲ್ಲ. ಚಾಸಿಯೂ ಉದ್ದ. ಉದ್ದ ಇದ್ದಷ್ಟೂ ಹಿಂದಿನ ಟ್ರೇಲರ್ ಮುಂದಿನ ಗಾಡಿಗೆ ಬುದ್ಧಿ ಹೇಳೋಕೆ ಬರಲ್ಲ. ನಿಮ್ಮ ಹಳೇ ಗಾಡಿ ಕುಳ್ಳು, ಪಾಪ. ಅದು ಎಳೀತಿತ್ತೋ, ಟ್ರೇಲರ್ರೇ ಅದನ್ನ ತಳ್ತಿತ್ತೋ, ದೇವರಿಗೇ ಗೊತ್ತು.

ಆಕಳಿಕೆಯಾ? ನಿಮ್ಮ ತಂಗಿಯೂ ಹಾಗೇ. ನಾನು ಕೊಂಡಿಯ ವಿಷಯ ತೆಗೆದ್ರೆ ಗೋಡೆಗೂ ನಿದ್ದೆ ಬರುತ್ತೆ ಅಂತಾಳೆ.

ಎದ್ದೇಳಿ, ಇಲ್ಲಿ ಹಿಂದುಗಡೆ ಬನ್ನಿ. ನಾಲ್ಕು ದಿನ ಕೂತು ಮಾಡಿದ್ದು ಇದು. ಸ್ಪ್ರಿಂಗಿಗೆ ಒಂದು ಪಟ್ಟಿ ಹೆಚ್ಚು ಹಾಕಿದ್ದೀನಿ. ಕನ್ನಡಿ ಹೊರಗೆ ಚಾಚೋ ಥರದ್ದು. ಸ್ಟೀರಿಂಗಿನ ಪಕ್ಕ ಒಂದು ಸಣ್ಣ ಪೆಟ್ಟಿಗೆ ಇದೆ. ನೀವು ಬ್ರೇಕು ತುಳಿದ್ರೆ ಟ್ರೇಲರಿನ ಚಕ್ರಕ್ಕೂ ಬ್ರೇಕು ಬೀಳುತ್ತೆ. ಕೊಂಡಿ ಕಳಚಿದ್ರೂ ಟ್ರೇಲರನ್ನ ಹಿಡಿಯೋ ಸರಪಳಿ ನೋಡಿ, ಹೆಬ್ಬೆರಳು ದಪ್ಪ. ಆ ಹಳೇದರ ಥರ ಒಂದೇ ಜಗ್ಗಿಗೆ ಕಿತ್ತು ಬರೋದಲ್ಲ. ಇನ್ನು ಭಾರ ಹಂಚೋ ಲೆಕ್ಕ: ಟ್ರೇಲರಿನ ತೂಕದಲ್ಲಿ ಹತ್ತರಲ್ಲಿ ಒಂದು ಪಾಲಾದರೂ ಕೊಂಡಿಯ ಮೇಲೆ ಕೂರಲೇಬೇಕು. ಕಡಮೆಯಾದ್ರೆ ಏರಿನಲ್ಲಿ ಟ್ರೇಲರ್ ಹಿಂದಕ್ಕೆ ಜಗ್ಗಿ, ಮೂತಿ ಮೇಲಕ್ಕೆತ್ತಿ...

ಆ ಏರನ್ನ ನೆನಪಿಸೋಕೆ ಹೇಳಿದ್ದಲ್ಲ ಭಾವ. ಖಂಡಿತ ಅಲ್ಲ. ಮಾತಿನ ಓಟದಲ್ಲಿ ಬಂತು.

ಹೋಗಿದ್ರಾ ಅವನ ಮನೆಗೆ, ಈ ವಾರ? ಹೋಗಿರ್ತೀರಿ. ವಾರ ತಪ್ಪಿಸಲ್ಲ ಅಂತ ಗೊತ್ತು. ಹದಿನಾರು ವರ್ಷ ನಿಮ್ಮ ಜೊತೆ ಮರ ಹತ್ತಿದೋನು... ಅವನು ಹತ್ತೋ ಚಂದ ನೋಡಿ ಅಳಿಲು ಅಂತ ಹೆಸರಿಟ್ಟಿದ್ದೇ ನೀವು. ಅವನ ಸ್ವಂತ ಹೆಸರು ಅವನಿಗೇ ಮರೆತುಹೋಗಿತ್ತು. ಕೆಲಸ ಮುಗಿಸಿ ಹೊರಟಾಗ ಆ ಶಾಲೆಯ ಗೇಟು ಮುಚ್ಚೋಕೆ ಅಂತ ಇಳಿದು ಹಿಂದೆ ಉಳಿಯದಿದ್ದಿದ್ರೆ... ಏರಿನ ಬುಡದಲ್ಲಿ ಒಂದು ಉಬ್ಬು ಇರದಿದ್ದಿದ್ರೆ... ಟ್ರೇಲರ್ ಕಳಚಿ ಹಿಂದಕ್ಕೆ ಜಾರಿ ಬಂದಾಗ ಅವನ ಬೆನ್ನ ಹಿಂದೆ ಗೋಡೆಯ ಬದಲು ಬೇಲಿ ಇದ್ದಿದ್ರೆ... ಬಿಡಿ. ಒಂದು ಕಾಲು ಹೋಯ್ತು, ಜೀವ ಉಳೀತು. ಅವನು ನಿಮ್ಮನ್ನ ಒಂದು ಮಾತೂ ಅಂದಿಲ್ಲವಲ್ಲ? ಅಂದಿದ್ರೇ ಹಗುರಾಗ್ತಿತ್ತು ಅಂತೀರಾ? ಹೂಂ.

ನನಗೆ ಆ ವಿಚಾರಣೆಯ ದಿನ ಮರೆಯಲ್ಲ. ಪರಿಶೀಲಕರು ಓದಿದ್ರು: ಪಿಕಪ್ಪಿನ ಹಿಂದಿನ ಕೊಂಡಿಯ ಗುಂಡು ಸರಿಯಿತ್ತು, ಅದರ ಮೇಲೆ ಕೂರುವ ಟ್ರೇಲರಿನ ಬಟ್ಟಲು ಸರಿಯಿತ್ತು, ಚಾಲಕನು ಬಟ್ಟಲಿನ ಚಿಲಕ ಹಾಕಿರಲಿಲ್ಲ, ಚಿಲಕದ ಪಿನ್ನು ಜೋತಾಡುತ್ತಿತ್ತು. ನೀವು ಎದ್ದು ನಿಂತು, 'ಹಾಕಿದ ಹಾಗೆ ನೆನಪು, ಆದರೆ ಪ್ರಮಾಣ ಮಾಡಲಾರೆ' ಅಂದ್ರಿ. ಅಷ್ಟೇ. ಇನ್ನೊಬ್ಬನಾಗಿದ್ರೆ ಫಿಟ್ಟರ್ ಮೇಲೆ ಹಾಕ್ತಿದ್ದ, ಗಾಡಿ ಮಾಡಿದೋನ ಮೇಲೆ ಹಾಕ್ತಿದ್ದ. ನೀವು... ಅಲ್ಲಿಂದ ಬಂದು ಗರಗಸ ಮುಟ್ಟಲಿಲ್ಲ. ಅತ್ತಿಗೆ ಹೇಳ್ತಾರೆ, ಬೀಗ ಹಾಕಿ ಬೀದಿಯ ತುದಿಗೆ ಹೋಗಿ, ಹಾಕಿದೆನೋ ಇಲ್ಲವೋ ಅಂತ ವಾಪಸು ಬರ್ತಾರೆ, ಮತ್ತೆ ಹೋಗ್ತಾರೆ, ಮತ್ತೆ ಬರ್ತಾರೆ ಅಂತ. ಮಗುವನ್ನ ಎತ್ತಿಕೊಳ್ಳಿ ಅಂತ ಕೊಟ್ರೆ ತೋಳು ಹಿಂದಕ್ಕೆ ಎಳೆದುಕೊಳ್ತೀರಂತೆ. ನನ್ನ ಮಗಳು 'ಮಾವ, ಎತ್ಕೋ' ಅಂತ ತೊದಲ್ತಾಳೆ ಭಾವ, ಏನು ಹೇಳಲಿ?

ಅದಕ್ಕೇ ಈ ಗಾಡಿ. ಯಾಕೆ ಹಾಗೆ ನೋಡ್ತೀರಿ? ಗುಂಡಿಗೆ ಬಣ್ಣ ಯಾಕೆ ಅಂತಲಾ? ಓ, ಅದಾ... ದೊಡ್ಡದಕ್ಕೆ ಕೆಂಪು, ಸಣ್ಣದಕ್ಕೆ ಹಳದಿ. ಅಳತೆ ಎರಡಿದೆಯಲ್ಲ, ನೋಡೋಕೆ ಎರಡೂ ಅಕ್ಕ ತಂಗಿ. ಅಳತೆಯ ಅಂಕಿ ತಲೆಯ ಮೇಲೇ ಕೊರೆದಿರುತ್ತೆ, ಗ್ರೀಸು ಬಳಿದ್ರೆ ಮುಚ್ಚಿಹೋಗುತ್ತೆ. ಹಾಗಾಗಿ ಕುತ್ತಿಗೆಗೆ ಬಣ್ಣ. ಯಾವಾಗಿಂದ ಅಂದ್ರೆ... ಆಯ್ತು, ಒಂದಷ್ಟು ಕಾಲ ಆಯ್ತು. ಒಳ್ಳೆ ಪದ್ಧತಿ. ಎಲ್ಲ ಫಿಟ್ಟರೂ ಮಾಡಬೇಕು.

ಬನ್ನಿ, ನೀವೇ ಒಂದು ಸಲ ಟ್ರೇಲರ್ ತಗುಲಿಸಿ. ಒಂದೇ ಸಲ. ನಾನು ಪಕ್ಕದಲ್ಲೇ ಇದ್ದೀನಿ. ಬಟ್ಟಲನ್ನ ಗುಂಡಿನ ಮೇಲೆ ಇಳಿಸಿ... ಇನ್ನೂ... ಹಾಂ, ಕೂತಿತು! ನೋಡಿದ್ರಾ, ಕೈ ಮರೆತಿಲ್ಲ. ಈಗ ಚಿಲಕ ಒತ್ತಿ. ಕೇಳಿಸಿತಾ, ಟಕ್ ಅಂತು? ಇನ್ನು ಪಿನ್ನು. ಇದು ಹೊಸ ಮಾದರಿ. ಬೆರಳಲ್ಲಿ ಒತ್ತಿದ್ರೆ ಒಳಗೆ, ಬೆರಳಲ್ಲಿ ಎಳೆದ್ರೆ ಹೊರಗೆ. ನಿಮ್ಮ ಹಳೇದಿತ್ತಲ್ಲ, ತುಕ್ಕು ಹಿಡಿದ ಪೀಡೆ! ಅವತ್ತು ಇಕ್ಕಳ ಹಾಕಿ ಜಗ್ಗಿದ್ರೂ ಬರಲಿಲ್ಲ, ಕೊನೆಗೆ ಸುತ್ತಿಗೆಯಲ್ಲಿ ಎರಡೇಟು ಕೊಟ್ಟ ಮೇಲೇ ಅದು ತೂತಿನಿಂದ ಹೊರಗೆ...

ಏನು?

ಯಾಕೆ ಕೈ ನಿಲ್ಲಿಸಿದ್ರಿ? ಹಾಕಿ ಭಾವ, ಪಿನ್ನು ಹಾಕಿ. ಬಿಸಿಲು ಏರ್ತಾ ಇದೆ.

ಅವತ್ತು ಅಂದ್ರೆ... ಆ ದಿನ ಅಂತಲ್ಲ. ಯಾವತ್ತೋ. ಗಾಡಿ ಸರ್ವಿಸಿಗೆ ಬಂದಿದ್ದಾಗ. ಬರ್ತಿತ್ತಲ್ಲ... ಹೌದು, ಸರ್ವಿಸಿಗೆ ಪಿಕಪ್ಪು ಮಾತ್ರ ಬರ್ತಿತ್ತು, ಟ್ರೇಲರ್ ಬರ್ತಿರಲಿಲ್ಲ. ಗೊತ್ತು. ಗೊತ್ತು ಅಂದೆನಲ್ಲ! ಬೇರೆ ಯಾರದೋ ಟ್ರೇಲರ್ ಇರಬೇಕು. ಎಷ್ಟು ಜನ ಬರ್ತಾರೆ ಇಲ್ಲಿಗೆ, ಯಾರ ಪಿನ್ನು ಯಾವುದು ಅಂತ ನೆನಪಿಟ್ಟುಕೊಳ್ಳೋಕೆ ನಾನೇನು...

ಪಿನ್ನನ್ನ ಯಾಕೆ ಕೆಳಗಿಟ್ರಿ ಭಾವ?

ಬಯ್ಯೋದಾದ್ರೆ ಬಯ್ಯಿ. ಒಂದು ಪ್ರಶ್ನೆ ಕೇಳಿ. ನಾನು ಹೇಳಿಕೊಡಲಾ? 'ಜೋತಾಡ್ತಿದ್ದ ಪಿನ್ನಿಗೆ ಇಕ್ಕಳ ಯಾಕೆ ಬೇಕಾಯ್ತು' ಅಂತ ಕೇಳಿ. ಕೇಳಿ! ಪರಿಶೀಲಕರು ಕೇಳಲಿಲ್ಲ, ಅವರಿಗೆ ಗೊತ್ತಿರಲಿಲ್ಲ. ನೀವು ಕೇಳಬಹುದಲ್ಲ?

...ಆ ಬೆಳಿಗ್ಗೆ ನಿಮ್ಮ ಬಂಪರ್ ಬದಲಾಯಿಸಿದೆ. ಗುಂಡು ಬಿಚ್ಚಿ ಮೇಜಿನ ಮೇಲಿಟ್ಟಿದ್ದೆ. ಅದೇ ಮೇಜಿನ ಮೇಲೆ, ದೋಣಿ ಎಳೆಯೋ ಇನ್ನೊಬ್ಬರ ಗಾಡಿಯ ಗುಂಡೂ ಇತ್ತು. ನಾಲ್ಕು ಕೂದಲಷ್ಟು ಸಣ್ಣದು. ಎರಡಕ್ಕೂ ಮೊದಲೇ ಗ್ರೀಸು ಬಳಿದುಬಿಟ್ಟಿದ್ದೆ. ನೀವು ಬಾಗಿಲಲ್ಲಿ ನಿಂತು 'ಬೇಗ ಆಗಲಿ ಮಾರಾಯ, ಅಳಿಲು ಕಾಯ್ತಿದ್ದಾನೆ' ಅಂದ್ರಿ. ನಾನು ಬೇಗ ಮಾಡಿದೆ, ಕೈಗೆ ಸಿಕ್ಕಿದ ಗುಂಡನ್ನ ಕೂರಿಸಿದೆ. ಸಣ್ಣ ಗುಂಡಿನ ಮೇಲೂ ಬಟ್ಟಲು ಕೂರುತ್ತೆ ಭಾವ. ಚಿಲಕವೂ ಟಕ್ ಅನ್ನುತ್ತೆ. ಸಮರಸ್ತೆಯಲ್ಲಿ ಹತ್ತು ಮೈಲಿ ಹೋದ್ರೂ ಗೊತ್ತಾಗಲ್ಲ. ಏರು ಬಂದಾಗಲೇ...

ಕ್ರೇನು ನನ್ನದೇ ತಾನೆ? ಅವತ್ತು ಪಿಕಪ್ಪು, ಟ್ರೇಲರ್ ಎರಡನ್ನೂ ಇಲ್ಲಿಗೇ ಎಳೆದು ತಂದ್ರು. ಪರಿಶೀಲಕರು ಬಂದು, ಊಟ ಮುಗಿಸಿ ನೋಡ್ತೀನಿ ಅಂತ ಹೋದ್ರು. ಮುಕ್ಕಾಲು ಗಂಟೆ. ನಾನು ಗುಂಡಿನ ಗ್ರೀಸು ಒರೆಸಿದೆ. ಅಂಕಿ ಕಂಡಿತು. ಸಣ್ಣದು, ದೋಣಿಯವರದ್ದು. ಬದಲಾಯಿಸಿದೆ. ಮೇಜಿನ ಮೇಲೇ ಉಳಿದಿದ್ದ ಸರಿಯಾದ್ದನ್ನ ಕೂರಿಸಿದೆ. ಆಮೇಲೆ ಹೊಳೆಯಿತು: ಗುಂಡೂ ಸರಿ, ಚಿಲಕವೂ ಹಾಕಿದೆ, ಅಂದ್ರೆ ಟ್ರೇಲರ್ ಹೇಗೆ ಕಳಚಿತು ಅಂತ ಕೇಳ್ತಾರಲ್ಲ? ಏನಾದ್ರೂ ಒಂದು ತಪ್ಪಿರಲೇಬೇಕಲ್ಲ? ಅದಕ್ಕೆ... ಇಕ್ಕಳ. ಸುತ್ತಿಗೆ.

ನಿಮ್ಮ ತಂಗಿಗೆ ಆಗ ಏಳು ತಿಂಗಳು. ಅದನ್ನ ನೆಪವಾಗಿ ಹೇಳ್ತಿಲ್ಲ... ಸುಳ್ಳು, ನೆಪವಾಗಿಯೇ ಹೇಳ್ತಿದ್ದೀನಿ. ಎರಡು ವರ್ಷ ದಿನವೂ ಹೇಳಿಕೊಂಡಿದ್ದೀನಿ. ಭಾವನಿಗೆ ಲೈಸೆನ್ಸು ಹೋಗುತ್ತೆ, ವಾಪಸು ಬರುತ್ತೆ. ನನ್ನ ವರ್ಕ್‌ಶಾಪು ಮುಚ್ಚಿದ್ರೆ ಮತ್ತೆ ತೆಗೆಯಲ್ಲ. ಹೀಗೆ ತೂಗಿದೆ. ಬೀಗದ ಹತ್ತಿರ ಹತ್ತು ಸಲ ತಿರುಗಿ ಬರ್ತೀರಿ ಅಂತ ಯಾರಿಗೆ ಗೊತ್ತಿತ್ತು? ನನ್ನ ಮಗುವನ್ನ ಎತ್ತೋಕೆ ಹೆದರ್ತೀರಿ ಅಂತ... ಅಂದುಕೊಂಡಿರಲಿಲ್ಲ ಭಾವ. ಅದೊಂದನ್ನ ಲೆಕ್ಕಕ್ಕೆ ಹಿಡಿದಿರಲಿಲ್ಲ.

ನಿಮ್ಮ ಚಿಲಕ ಹಾಕಿತ್ತು. ಪಿನ್ನು ತೂತಿನೊಳಗೆ ಭದ್ರವಾಗಿತ್ತು. ಅಷ್ಟು ಭದ್ರವಾಗಿ ನಾನೂ ಹಾಕಲಾರೆ. ಪರಿಶೀಲಕರ ಕಚೇರಿಗೆ ಕರೆದುಕೊಂಡು ಹೋಗಿ, ಅಲ್ಲೂ ಹೇಳ್ತೀನಿ. ಅಳಿಲಿನ ಮುಂದೆ ಹೇಳ್ತೀನಿ. ಮೊದಲು ನಿಮ್ಮ ತಂಗಿಗೆ ಹೇಳಬೇಕು ಅಂದ್ರೆ, ಈಗಲೇ ಕರೀತೀನಿ.

ಕೇಳಿಸ್ತಾ ಇದೆಯಾ ಭಾವ? ನನ್ನ ಕಡೆ ನೋಡಿ. ಹೊಡೆಯೋದಾದ್ರೆ ಹೊಡೀರಿ, ಇಲ್ಲೇ ಇದ್ದೀನಿ... ಕೈಯನ್ನ ಯಾಕೆ ಹಾಗೆ ತಿರುಗಿಸಿ ತಿರುಗಿಸಿ ನೋಡ್ಕೊಳ್ತಿದ್ದೀರಿ?