ಎರಡು ಸಲ ಬಡಿದರೆ ನಿಲ್ಲಿಸು

ನಗೋದಿದ್ರೆ ಈಗಲೇ ನಕ್ಕುಬಿಡಿ. ಆಮೇಲೆ ಮಧ್ಯದಲ್ಲಿ ಯಾರಾದ್ರೂ ಕಿಸಕ್ ಅಂದ್ರೆ ನಾನು ಎದ್ದುಹೋಗಿ ಮಲಗಿಬಿಡ್ತೀನಿ. ಇದು ಎಲ್ಲೋ ಯಾರೋ ಹೇಳಿದ್ದಲ್ಲ. ನಮ್ಮ ದೊಡ್ಡಮ್ಮನ ಮಗನಿಗೆ ಆಗಿದ್ದು. ಲಾರಿ ಗ್ಯಾರೇಜಿನಲ್ಲಿ ಅವನನ್ನ ಎಲ್ಲರೂ ಕಿವಿಯಣ್ಣ ಅಂತಿದ್ದರು. ಓಡ್ತಿರೋ ಲಾರಿಯಲ್ಲಿ ಯಾವ ಬೋಲ್ಟ್ ಸಡಿಲ ಆಗಿದೆ ಅಂತ ಕಣ್ಣು ಮುಚ್ಚಿಕೊಂಡು ಹೇಳೋನು. ಮನೇಲಿ ಹೆಂಡತಿ ನಾಲ್ಕು ಸಲ ಕೂಗಿದ್ರೂ ಕೇಳ್ತಿರಲಿಲ್ಲ, ಅದು ಬೇರೆ ಮಾತು.

ಆವತ್ತು ಕೆಲಸ ಮುಗಿಸಿ ಹೊರಟಾಗ ಹೊತ್ತು ಬಹಳ ಮೀರಿತ್ತು. ಗ್ಯಾರೇಜಿನ ಹಿಂದಿನ ದಾರೀಲಿ ಒಂದು ಪಾಳುಬಾವಿ. ನೀರಿಲ್ಲ, ಬರೀ ಹಳೇ ಟೈರು ತುಂಬಿದೆ. ಅದರ ಕಟ್ಟೆ ಮೇಲೆ ಯಾರೋ ಕೂತಿದ್ದಾರೆ... ಸಿಗರೇಟಿನ ಕೆಂಡ ಮಾತ್ರ ಕಾಣ್ತಿದೆ. ಕಿವಿಯಣ್ಣನ ಎದೆ ಝಲ್ಲಂತು. ಹತ್ತಿರ ಹೋಗಿ ನೋಡಿದ್ರೆ, ಆ ದೊಡ್ಡ ಲಾರಿಯನ್ನ ಗ್ಯಾರೇಜಿಗೆ ತಂದುಬಿಟ್ಟಿದ್ದ ಮುದಿ ಡ್ರೈವರು.

ಯಾವ ಲಾರಿ ಅಂತ ಮೊದಲು ಹೇಳಿಬಿಡ್ತೀನಿ. ಮರುಭೂಮಿ, ಹಿಮ, ಕಾಡು ಅಂತ ತಿಂಗಳುಗಟ್ಟಲೆ ಅಲೆಯೋ ಜನ ಇರ್ತಾರಲ್ಲ, ಅವರು ಇಟ್ಟುಕೊಳ್ಳೋ ಲಾರಿ ಅದು. ಮುಂದೆ ಡ್ರೈವರ್ ಕೂರೋ ಕ್ಯಾಬಿನ್ನು. ಹಿಂದೆ ಕಬ್ಬಿಣದ ದೊಡ್ಡ ಪೆಟ್ಟಿಗೆ, ಅದೇ ಮನೆ. ಮಂಚ, ಒಲೆ, ನೀರಿನ ಟ್ಯಾಂಕು ಎಲ್ಲಾ ಅದರೊಳಗೇ. ಕೇಳೋಕೇನೋ ಚೆಂದ, ಕೂತ್ರೆ ಗೊತ್ತಾಗುತ್ತೆ ಪಾಡು. ಇಂಜಿನ್ ಆರ್ಭಟಕ್ಕೆ ಪಕ್ಕದಲ್ಲಿರೋರ ಮಾತು ಕೇಳಲ್ಲ. ಒಂದು ಗುಂಡಿ ಸಿಕ್ಕಿದ್ರೆ ಸೊಂಟ ಕಳಚಿ ಬೀಳುತ್ತೆ. ಹೊಸದಾಗಿ ಕೊಂಡಿದ್ದ ಗಂಡ ಹೆಂಡತಿ ಬಂದು, ನಾವು ಒಳಗೆ ಕೂತು ಪಿಸುಗುಟ್ಟಿದ್ರೂ ಕೇಳೋ ಹಾಗೆ ಮಾಡಿಕೊಡಿ ಅಂದಿದ್ದರು. ಅದೇ ಕಿವಿಯಣ್ಣನ ಕೆಲಸ. ಲಾರಿಯೊಳಗೆ ಮೌನ ಕೂರಿಸೋದು.

ಡ್ರೈವರು ತಲೆ ಎತ್ತದೆ ಕೇಳಿದ. "ಎಷ್ಟು ಕಮ್ಮಿ ಮಾಡಿದೆ ಸದ್ದು?"

"ಕಾಲು ಪಾಲು."

"ಅಷ್ಟಕ್ಕೇ ಬಿಟ್ಟುಬಿಡಪ್ಪಾ."

ಆಮೇಲೆ ದನಿ ತಗ್ಗಿಸಿ ಹೇಳಿದ್ದು ಇಷ್ಟು. ಹಿಂದೊಮ್ಮೆ ಇದೇ ಲಾರಿಯ ಪೆಟ್ಟಿಗೆಯಲ್ಲಿ ಒಬ್ಬ ಮಲಗಿಕೊಂಡು ಪ್ರಯಾಣ ಮಾಡ್ತಿದ್ದ. ಕೆಟ್ಟ ರಸ್ತೆ. ತುಂಬಿದ ನೀರಿನ ಟ್ಯಾಂಕು ಪಟ್ಟಿ ಕಿತ್ತುಕೊಂಡು ಅವನ ಕಾಲ ಮೇಲೆ ಬಿತ್ತು. ಅವನು ಮುಂದಿನ ಗೋಡೆ ಬಡಿದ. ಇಂಥ ಲಾರಿಗಳಲ್ಲಿ ಒಂದು ಕಟ್ಟಳೆ ಇದೆ, ಹಿಂದಿರೋನು ಎರಡು ಸಲ ಬಡಿದ್ರೆ ಮುಂದಿನವನು ನಿಲ್ಲಿಸಬೇಕು. ಬಡಿದ, ಬಡಿದ... ಮುಂದಿದ್ದವರಿಗೆ ಇಂಜಿನ್ ಸದ್ದಲ್ಲಿ ಕೇಳಲೇ ಇಲ್ಲ. ಸಂಜೆ ಬಾಗಿಲು ತೆಗೆದಾಗ ಪ್ರಾಣ ಹೋಗಿತ್ತು. ಬಡಿದೂ ಬಡಿದೂ ಎರಡು ಮುಷ್ಟಿಯೂ ಪುಡಿಯಾಗಿತ್ತಂತೆ.

"ಅವನು ಇನ್ನೂ ಬಡೀತಾನೆ," ಅಂದ ಡ್ರೈವರು. "ಸದ್ದಿದ್ರೆ ಕೇಳಲ್ಲ... ಅಷ್ಟೇ."

ಕಿವಿಯಣ್ಣ ನಕ್ಕ. ಇಂಥ ಕತೆ ಇಲ್ಲದ ಹಳೇ ಲಾರಿ ಯಾವುದಿದೆ ಅಂತ ಅಂದುಕೊಂಡು ಮನೆಗೆ ಹೋದ. ಆದ್ರೆ ಬಾವಿ ದಾಟಿದ ಮೇಲೆ ಹಿಂತಿರುಗಿ ನೋಡಲಿಲ್ಲ, ಅದನ್ನ ಅವನೇ ನನಗೆ ಹೇಳಿದ್ದಾನೆ.

ಮಾರನೇ ದಿನ ಮತ್ತೆ ಕೆಲಸ. ಜೊತೆಗೆ ಅವನ ತಮ್ಮ. ವೆಲ್ಡಿಂಗ್ ಮಾಡೋನು. ಅಪ್ಪ ಅಮ್ಮ ಬೇಗ ಹೋದ್ರು, ತಮ್ಮನನ್ನ ಎತ್ತಿ ಆಡಿಸಿ ಬೆಳೆಸಿದ್ದು ಇವನೇ. ಆ ಹುಡುಗನ ಕೈ ಎಂಥ ಕೈ ಅಂತೀರಿ. ಅವನು ಕೂಡಿಸಿದ ಕಬ್ಬಿಣದಲ್ಲಿ ಬೆಸುಗೆ ಎಲ್ಲಿದೆ ಅಂತ ಬೆರಳಾಡಿಸಿ ಹುಡುಕಬೇಕಿತ್ತು. ಕಿವಿಯಣ್ಣ ಸ್ವಂತ ಮಕ್ಕಳನ್ನ ಹೊಗಳಿದೋನಲ್ಲ. ತಮ್ಮನ ಕೈ ಬಗ್ಗೆ ಮಾತ್ರ ಬಂದವರಿಗೆಲ್ಲಾ ಹೇಳಿಕೊಂಡು ತಿರುಗೋನು.

ಇಬ್ಬರೂ ಸೇರಿ ಕ್ಯಾಬಿನ್ ಕೆಳಗಿನ ಗಟ್ಟಿಯಾಗಿದ್ದ ರಬ್ಬರ್ ಮೆತ್ತೆ ತೆಗೆದು ಹೊಸದು ಹಾಕಿದ್ರು. ಕುಲುಕೋ ಸೀಟು ಕಿತ್ತು ಗಾಳಿ ತುಂಬಿದ ಸೀಟು ಕೂರಿಸಿದ್ರು. ನೆಲಕ್ಕೆ, ಗೋಡೆಗೆ ಭಾರದ ರಬ್ಬರ್ ಹಾಸು, ಅದರ ಮೇಲೆ ದಪ್ಪ ಸ್ಪಂಜು. ವೈರು ಹೋಗೋ ಒಂದೊಂದು ತೂತನ್ನೂ ಮುಚ್ಚಿದ್ರು. ಈ ಕೆಲಸದಲ್ಲಿ ಒಂದು ತಮಾಷೆ ಇದೆ ಕೇಳಿ. ದೊಡ್ಡ ಸದ್ದನ್ನ ಮುಚ್ಚಿದ್ರೆ ಅದರ ಹಿಂದೆ ಅಡಗಿದ್ದ ಸಣ್ಣದು ಎದ್ದು ಕೂರುತ್ತೆ. ಇಂಜಿನ್ನಿನ ಗುಂಯ್ ಹೋದ್ರೆ ಗೇರಿನ ಕುಂಯ್ಯೋ ಕೇಳುತ್ತೆ. ಅದೂ ಹೋದ್ರೆ ಬಾಗಿಲ ಸಂದಿಯ ಗಾಳಿ, ಸುಂಯ್... ಅದನ್ನೂ ಮುಚ್ಚಿದ್ರೆ ಕನ್ನಡಿಯ ಕಟಕಟ.

ಕಟಕಟವೂ ನಿಂತ ಮೇಲೆ ಒಂದು ಉಳಿಯಿತು.

ಢಬ್... ಢಬ್.

ಕ್ಯಾಬಿನ್ನಿನ ಹಿಂದಿನ ಗೋಡೆಯಿಂದ. ಎರಡೇ ಎರಡು.

ಕಿವಿಯಣ್ಣನಿಗೆ ಬೆವರು ಬಂತಾ ಅಂದ್ರೆ, ಇಲ್ಲ. ಸಿಟ್ಟು ಬಂತು. ತನ್ನ ಕೈಗೆ ಸಿಗದ ಸದ್ದು ಅಂದ್ರೆ ಅವನಿಗೆ ಅವಮಾನ. ಟ್ಯಾಂಕಿನ ಪಟ್ಟಿ ಬಿಗಿದ, ಪೆಟ್ಟಿಗೆ ಹಿಡಿದಿರೋ ಬೋಲ್ಟೆಲ್ಲಾ ಬಿಗಿದ. ಬೆಳಿಗ್ಗೆ ಲಾರಿ ಒಪ್ಪಿಸಬೇಕು. ಸದ್ದು ಹುಡುಕೋಕೆ ಬೇರೆ ಗಾಡಿಯಿಲ್ಲದ ಹೊತ್ತೇ ಬೇಕು. ರಾತ್ರಿ ಊರಾಚೆಯ ಕಲ್ಲುಮಣ್ಣಿನ ರಸ್ತೆಗೆ ಹೊರಟ. ತಮ್ಮ ಪೆಟ್ಟಿಗೆಯೊಳಗೆ, ಗೋಡೆಗೆ ಅಂಗೈಯಿಟ್ಟು ಎಲ್ಲಿ ಅದುರುತ್ತೆ ಅಂತ ನೋಡಬೇಕು. ಅಲ್ಲಿ ಫೋನಿಗೆ ಸಿಗ್ನಲ್ ಇಲ್ಲ. ಆ ದಪ್ಪ ಹಾಸಿನ ಮಧ್ಯೆ ಕೂಗಿದ್ರೆ ಕೂಗು ಅಲ್ಲೇ ಸಾಯುತ್ತೆ. ಬಡಿತ ಮಾತ್ರ ಕಬ್ಬಿಣ ಹಿಡಿದುಕೊಂಡು ದಾಟಿ ಬರುತ್ತೆ.

"ಸಿಕ್ಕಿದ್ರೆ ಎರಡು ಸಲ ಬಡಿ, ನಿಲ್ಲಿಸ್ತೀನಿ," ಅಂದ ಅಣ್ಣ.

ಸ್ವಲ್ಪ ದೂರ ಹೋಗೋಷ್ಟರಲ್ಲಿ ಢಬ್ ಢಬ್. ನಿಲ್ಲಿಸಿ, ಇಳಿದು, ಹಿಂದೆ ಹೋಗಿ ಬಾಗಿಲು ತೆಗೆದ. ತಮ್ಮ ಗೋಡೆಗೆ ಕಿವಿಯಿಟ್ಟು ನಿಂತಿದ್ದಾನೆ. ನಾನು ಬಡೀಲಿಲ್ಲ ಕಣಣ್ಣಾ ಅಂದ. ಮತ್ತೆ ಹೊರಟ್ರು. ಮತ್ತೆ ಢಬ್ ಢಬ್. ಮತ್ತೆ ಇಳಿದ. ಈ ಸಲವೂ ತಮ್ಮ ಬಡಿದಿಲ್ಲ. ಮುಖ ಮಾತ್ರ ಬಿಳಿಚಿಕೊಂಡಿತ್ತು. ಒಳಗೆ ಬಹಳ ಚಳಿ ಅಂದ, ನಾನೂ ಮುಂದೆ ಬಂದು ಕೂರ್ತೀನಿ ಅಂದ. ಕಿವಿಯಣ್ಣ ಗದರಿದ. ಮದುವೆ ವಯಸ್ಸಿಗೆ ಬಂದಿದ್ದೀಯ, ಕತ್ತಲೆಗೆ ಹೆದರ್ತೀಯಾ ಅಂತ ಬೈದು ಬಾಗಿಲು ಹಾಕಿದ.

ಇಲ್ಲೇ ನೋಡಿ ಎಡವಟ್ಟಾಗಿದ್ದು.

ಮೂರನೇ ಸಲ ಢಬ್ ಢಬ್ ಅಂದಾಗ ಅವನು ನಿಲ್ಲಿಸಲಿಲ್ಲ. ಹಾಳಾದ್ದು ಅದೇ ಸದ್ದು, ಇನ್ನೊಂದು ಸಲ ಇಳಿದು ಮಂಗ ಆಗಲ್ಲ ಅಂತ ಹಲ್ಲು ಕಚ್ಚಿದ.

ಢಬ್ ಢಬ್.

ಆಕ್ಸಿಲೇಟರ್ ಒತ್ತಿದ. ವೇಗ ಏರಿದ್ರೆ ಕೆಲವು ಸದ್ದು ತಾನಾಗೇ ಅಡಗುತ್ತೆ.

ಢಬ್ ಢಬ್ ಢಬ್ ಢಬ್... ಈಗ ಲೆಕ್ಕ ಇಲ್ಲ, ತಾಳ ಇಲ್ಲ. ಢಬ್ ಜೊತೆಗೆ ಚಟ್ ಅಂತ ಇನ್ನೊಂದು, ಒಣಕಡ್ಡಿ ಮುರಿದ ಹಾಗೆ. ಆಮೇಲೆ ಪಚ್... ಪಚ್... ಒದ್ದೆ ಸದ್ದು. ಗೋಡೆಗೆ ಹೊಡೆದ ಏಟು ಸ್ಪಂಜು ದಾಟಿ ಅವನ ಬೆನ್ನಿಗೆ ಬೀಳ್ತಿತ್ತು. ಕೊನೆಯದೊಂದು ಎಷ್ಟು ಜೋರಾಗಿ ಬಿತ್ತೆಂದ್ರೆ ಗಾಳಿ ಸೀಟು ಅವನನ್ನ ಎತ್ತಿ ಸ್ಟೇರಿಂಗಿಗೆ ಅಪ್ಪಳಿಸ್ತು. ಮುಂದಿನ ಹಲ್ಲು ಮುರಿದು ಬಾಯಿ ತುಂಬಾ ರಕ್ತ.

ಆಮೇಲೆ... ಏನೂ ಇಲ್ಲ.

ಅಷ್ಟು ದೊಡ್ಡ ಲಾರಿ ಓಡ್ತಿದೆ, ಒಳಗೆ ಅವನ ಉಸಿರೇ ಅವನಿಗೆ ಕೇಳ್ತಿದೆ. ಒಂದು ಗಳಿಗೆ, ಒಂದೇ ಒಂದು ಗಳಿಗೆ, ಅವನಿಗೆ ಖುಷಿ ಆಯ್ತಂತೆ. ಸದ್ದು ಹೋಯ್ತು ಅಂತ. ಅದನ್ನ ಹೇಳುವಾಗ ಕಿವಿಯಣ್ಣ ಮುಖ ಮುಚ್ಚಿಕೊಂಡು ಅತ್ತಿದ್ದನ್ನ ನಾನು ನೋಡಿದ್ದೀನಿ.

ಮರುಗಳಿಗೆಗೆ ತಮ್ಮನ ನೆನಪಾಯ್ತು. ಅವನೇ ಹಿಂದಿನ ಗೋಡೆಗೆ ಎರಡು ಸಲ ಬಡಿದ. ಉತ್ತರ ಇಲ್ಲ. ಬ್ರೇಕ್ ತುಳಿದು, ಓಡಿಹೋಗಿ ಬಾಗಿಲು ಎಳೆದ.

ಟಾರ್ಚ್ ಬೆಳಕಿಗೆ ಮೊದಲು ಗೋಡೆ ಕಾಣ್ತು. ಎದೆಮಟ್ಟದಿಂದ ನೆಲದವರೆಗೂ ರಕ್ತ. ಕೆಳಗೆ ತಮ್ಮ ಮುದುಡಿ ಬಿದ್ದಿದ್ದಾನೆ. ಹಣೆ ಒಡೆದಿದೆ. ಮಣಿಕಟ್ಟಿನಿಂದಾಚೆ ಎರಡು ಕೈಯೂ ಊದಿ, ಬೆರಳುಗಳು ಎತ್ತೆತ್ತಲೋ ತಿರುಗಿವೆ. ಒಂದು ಕಡೆ ಮೂಳೆ ಚರ್ಮ ಹರಿದು ಆಚೆ ಬಂದಿತ್ತು. ಟ್ಯಾಂಕು ಇದ್ದಲ್ಲೇ ಇತ್ತು. ಒಂದು ಬೋಲ್ಟೂ ಅಲುಗಿರಲಿಲ್ಲ.

ಕಿವಿಯಣ್ಣ ಅವನ ತಲೆಯನ್ನ ತೊಡೆ ಮೇಲಿಟ್ಟುಕೊಂಡ. ಆ ಹುಡುಗ ಕಣ್ಣು ಬಿಟ್ಟು ಪಿಸುಗುಟ್ಟಿದ.

"ನಾನು ಎರಡೇ ಸಲ ಬಡಿದಿದ್ದು ಅಣ್ಣಾ... ಆಮೇಲೆ ನನ್ನ ಕೈ ಹಿಡ್ಕೊಂಡು ಬಡಿಸಿದ್ರು."

ಆಸ್ಪತ್ರೆಯಲ್ಲಿ ಡಾಕ್ಟರು ಯಾವ ಮೆಷಿನ್ನಿಗೆ ಕೈ ಸಿಕ್ಕಿದ್ದು ಅಂತ ಕೇಳಿದ್ರಂತೆ. ಪ್ರಾಣ ಉಳೀತು. ಕೈಗೆ ಎರಡು ಸಲ ಆಪರೇಷನ್ ಆಯ್ತು. ಇನ್ನು ಬೆಸುಗೆ ಕೆಲಸದ ಆಸೆ ಬಿಡಿ ಅಂದ್ರು. ಕಿವಿಯಣ್ಣ ಆ ದಿನವೇ ಗ್ಯಾರೇಜಿಗೆ ಹೋಗಿ, ಯಜಮಾನ ಬೇಡ ಬೇಡ ಅಂತಿದ್ರೂ ಹಾರೆ ಹಾಕಿ ಅಷ್ಟೂ ಹಾಸು ಕಿತ್ತು ಎಸೆದ. ಲಾರಿಯ ಆ ಗಂಡ ಹೆಂಡತಿ ಶಾಪ ಹಾಕಿ, ಅದೇ ಆರ್ಭಟದಲ್ಲೇ ಅದನ್ನ ಬೇರೆ ಗ್ಯಾರೇಜಿಗೆ ಹೊಡೆದುಕೊಂಡು ಹೋದ್ರು. ಅಲ್ಲಿ ಯಾವ ಪುಣ್ಯಾತ್ಮ ಅದನ್ನ ಮೆತ್ತಗೆ ಮಾಡಿದನೋ ಗೊತ್ತಿಲ್ಲ.

ಪ್ರಜ್ಞೆ ಸರಿಯಾಗಿ ಬಂದ ದಿನ ತಮ್ಮ ಒಂದೇ ಪ್ರಶ್ನೆ ಕೇಳಿದ.

"ನಿಂಗೆ ಕೇಳಿಸ್ತಾ ಅಣ್ಣಾ?"

ಇಲ್ಲ ಅನ್ನಬಹುದಿತ್ತು. ಆದ್ರೆ ಆ ಗೋಡೆಗೆ ಅರ್ಧ ಹಾಸು ಅಂಟಿಸಿದ್ದು ಆ ಹುಡುಗನೇ. ಅದು ಯಾವುದನ್ನ ತಡೆಯುತ್ತೆ, ಯಾವುದನ್ನ ಬಿಡುತ್ತೆ ಅಂತ ಅವನಿಗೆ ಗೊತ್ತು.

"ಕೇಳಿಸ್ತು," ಅಂದ ಕಿವಿಯಣ್ಣ.

ತಮ್ಮ ಗೋಡೆ ಕಡೆ ಹೊರಳಿದ. ಬ್ಯಾಂಡೇಜ್ ಬಿಚ್ಚೋವರೆಗೂ ಅಣ್ಣನ ಹತ್ತಿರ ಒಂದು ಮಾತೂ ಆಡಲಿಲ್ಲ.

ಬಿಚ್ಚಿದ ದಿನ ನಾನೂ ಇದ್ದೆ. ಸುಳ್ಳು ಹೇಳಿದ್ರೆ ನನ್ನ ನಾಲಿಗೆ ಬಿದ್ದುಹೋಗಲಿ. ಊತ ಇಳಿದಿತ್ತು, ಗಾಯ ಒಣಗಿತ್ತು. ಎರಡೂ ಮಣಿಕಟ್ಟಿನ ಮೇಲೆ ಬಿಗಿಯಾಗಿ ಹಿಡಿದ ಕಪ್ಪು ಗುರುತು ಮಾತ್ರ ಹಾಗೇ ಇತ್ತು. ಇವತ್ತಿಗೂ ಇದೆ, ಬೇಕಾದ್ರೆ ಹೋಗಿ ನೋಡಿಕೊಂಡು ಬನ್ನಿ. ನಾಲ್ಕು ಬೆರಳು, ಒಂದು ಹೆಬ್ಬೆರಳು, ಅಚ್ಚೊತ್ತಿದಷ್ಟು ಸ್ಪಷ್ಟ. ಬ್ಯಾಂಡೇಜ್ ಬಿಚ್ಚಿದ ನರ್ಸಮ್ಮ ತನ್ನ ಕೈಯನ್ನ ಆ ಗುರುತಿನ ಮೇಲೆ ಹಿಡಿದು ನೋಡಿದಳು, ಮೊದಲು ಬಲಮಣಿಕಟ್ಟಿಗೆ, ಆಮೇಲೆ ಎಡಕ್ಕೆ. ಎರಡು ಕಡೆಗೂ ಅವಳ ಎಡಗೈಯೇ ಹೊಂದುತ್ತಿತ್ತು. ಒಬ್ಬನಿಗೆ ಎರಡು ಎಡಗೈ ಇರಲ್ಲ, ಆದ್ರೆ ಆ ಡ್ರೈವರು ಹೇಳಿದ್ದು ಒಬ್ಬನ ಕತೆ ಮಾತ್ರ.