ಊದುವವನಿಗೆ ಮೊದಲ ಗ್ಲಾಸು

ಸಭೆಗೆ ಬಂದಿರುವ ಹಿರಿಯರೇ, ಬ್ಯಾಂಡಿನ ಗೆಳೆಯರೇ, ಮುಂದಿನ ಸಾಲಿನಲ್ಲಿ ತಲೆ ಎತ್ತದೆ ಕೂತಿರುವ ನನ್ನ ತಂಗಿಯಂಥವಳೇ, ಅವಳ ಮಗನೇ — ಎಲ್ಲರಿಗೂ ನಮಸ್ಕಾರ.

ನಾನು ಓದಿದ್ದು ಹಳ್ಳಿ ಶಾಲೆಯಲ್ಲಿ, ಅದೂ ಮೇಷ್ಟ್ರು ಬಂದ ದಿನ ಮಾತ್ರ. ಆದರೂ ಈ ಬ್ಯಾಂಡಿನಲ್ಲಿ ಭಾಷಣ ಅಂದರೆ ನಾನೇ. ನನ್ನ ದೊಡ್ಡ ಡ್ರಮ್ಮಿಗೆ ಒಂದು ಏಟು ಬಿದ್ದರೆ ಬೀದಿಯ ಕಿಟಕಿಗಳೆಲ್ಲ ಗಡಗಡ. ಆದರೆ ಜನ ನಮ್ಮನ್ನು ಮದುವೆಗೆ ಕರೆಸುತ್ತಿದ್ದದ್ದು ನನ್ನ ಸದ್ದಿಗಲ್ಲ, ನಮ್ಮನ್ನು ಬಿಟ್ಟು ಹೋದ ಪೀಪಿ ಮೇಷ್ಟ್ರ ಕ್ಲಾರಿನೆಟ್ಟಿಗೆ.

ಕ್ಲಾರಿನೆಟ್ಟಿನಲ್ಲಿ ಸ್ವರ ಕತ್ತರಿಸುವುದು ನಾಲಿಗೆ. ಅದರ ತುದಿ ಬಾಯಲ್ಲಿಟ್ಟ ತೆಳು ಪಟ್ಟಿಗೆ, ಅಂದರೆ ರೀಡಿಗೆ, ಹೀಗೆ — ತಟ್, ತಟ್ — ತಾಗಬೇಕು. ಅದಕ್ಕೇ ನಮ್ಮಲ್ಲಿ ಒಂದು ಪದ್ಧತಿ. ಕೆಲಸ ಮುಗಿಸಿ ಬಂದರೆ ಮೊದಲ ಗ್ಲಾಸು ಊದುವವನಿಗೆ. ನಾಲಿಗೆ ಒಣಗಿರುತ್ತದಲ್ಲ! ಅವನು ಕುಡಿಯುವ ತನಕ ಬೇರೆ ಯಾರೂ ಮುಟ್ಟುವ ಹಾಗಿಲ್ಲ. ಅದು ಮರ್ಯಾದೆ — ವರ್ಷಗಟ್ಟಲೆ ಆ ಮರ್ಯಾದೆ ಸುರಿದೆವು.

ಆಮೇಲೆ, ಮಣಿಯ ಹಾಗೆ ಉದುರುತ್ತಿದ್ದ ಸ್ವರಗಳು ಒಂದಕ್ಕೊಂದು ಅಂಟತೊಡಗಿದವು. ಮಾತೂ ತೊದಲಿತು. "ಏನ್ ಮೇಷ್ಟ್ರೇ, ಬೆಳಿಗ್ಗೇನೇ ಏರಿಸ್ಕೊಂಡ್ರಾ?" ಅಂತ ರೇಗಿಸಿದೆವು. ಅವರು ಬಾಯಿ ತೆರೆದು ತೋರಿಸಿದರು. ನಾಲಿಗೆಯ ಎರಡೂ ಅಂಚಿಗೆ ಮೆತ್ತನೆಯ ಹಳದಿ ಗಂಟುಗಳು. ನೋವಿಲ್ಲ, ಗಾಯವಿಲ್ಲ.

ಡಾಕ್ಟರು ಒಂದು ಚೂರು ತೆಗೆದು ಪರೀಕ್ಷೆ ಮಾಡಿಸಿ ಹೇಳಿದರು: "ಕ್ಯಾನ್ಸರ್ ಅಲ್ಲ, ಬರೀ ಕೊಬ್ಬು. ತುಂಬಾ ಅಪರೂಪ. ವರ್ಷಾನುಗಟ್ಟಲೆ ಕುಡಿದೋರಲ್ಲಿ ಎಲ್ಲೋ ಒಬ್ಬರಿಗೆ ಬರುತ್ತೆ. ತೆಗೀತೀನಿ, ಆದ್ರೆ ಕುಡಿದ್ರೆ ಮತ್ತೆ ಬೆಳೆಯಬಹುದು. ಲಿವರ್ ಅಂತೂ ಆಗಲೇ ಸೋತಿದೆ."

"ಆ ನಾಲಿಗೆಗೆ ಕೊಬ್ಬು ಅಂತ ಮದ್ವೆಯಾದ ವಾರಕ್ಕೇ ನಂಗೊತ್ತಾಗಿತ್ತು ಡಾಕ್ಟ್ರೇ" ಅಂದಳು ಮೇಷ್ಟ್ರ ಹೆಂಡತಿ, ನನ್ನ ಈ ತಂಗಿ. ಮೇಷ್ಟ್ರೂ ನಕ್ಕರು. ಅವಳು ಹೊರಗೆ ಬಂದು ಆಸ್ಪತ್ರೆಯ ಮೆಟ್ಟಿಲ ಮೇಲೆ ಕೂತುಬಿಟ್ಟಳು.

ಆಪರೇಷನ್ ಆಯಿತು. ಹೊಲಿಗೆ ಮಾಗಿತು. ಮೇಷ್ಟ್ರು ಮತ್ತೆ ಊದಿದರು — ಆಹಾ, ಮಣಿ ಮಣಿ! ವಾಪಸು ಬಂದರೆ ಮೇಜಿನ ಮೇಲೆ ಬಾಟಲಿಯ ಪಕ್ಕ ಖಾಲಿ ಗ್ಲಾಸು ಕಾಯುತ್ತಿತ್ತು. ಅವರು ಅದನ್ನು ಬೋರಲು ಹಾಕಿದರು.

"ನೀವು ಮುಟ್ಟದಿದ್ರೆ ನಾವೆಲ್ಲ ಒಣಗಿಕೊಂಡೇ ಮನೆಗೆ ಹೋಗ್ಬೇಕಾ ಮೇಷ್ಟ್ರೇ?" ಅಂದ ಟ್ರಂಪೆಟ್ಟಿನವನು.

ಯಾರೂ ಬಲವಂತ ಮಾಡಲಿಲ್ಲ. ಯಾರೂ ಎದ್ದೂ ಹೋಗಲಿಲ್ಲ. ಸುಮ್ಮನೆ ಕಾದು ಕೂತೆವು — ಅಷ್ಟೇ. ಮೇಷ್ಟ್ರು ನಮ್ಮ ಮುಖಗಳನ್ನು ಒಂದೊಂದಾಗಿ ನೋಡಿದರು. ಗ್ಲಾಸನ್ನು ನೆಟ್ಟಗೆ ಇಟ್ಟರು.

ಗಂಟು ಮತ್ತೆ ಬಂತು. ಕೊಂದದ್ದು ಗಂಟಲ್ಲ, ಲಿವರ್. ಆದರೆ ಕೊನೆಕೊನೆಗೆ ಹೆಂಡತಿ ಹಿಡಿದ ನೀರಿಗೂ ಆ ನಾಲಿಗೆ ದಾರಿ ಬಿಡಲಿಲ್ಲ.

ಮೇಷ್ಟ್ರಿಗಿಂತ ಮೊದಲು ನಮ್ಮಲ್ಲಿ ಊದುತ್ತಿದ್ದ ಅವರ ಗುರು ತೀರಿಕೊಂಡಾಗಲೂ ಇದೇ ಜಾಗದಲ್ಲಿ ಮಾತಾಡಿದವನು ನಾನೇ. ಅವರದ್ದೂ ಲಿವರ್ರೇ. "ಈ ಪದ್ಧತಿ ಇಲ್ಲಿಗೆ ಸಾಕು" ಅಂದೆ. ಎಂಥಾ ಭಾಷಣ! ಅತ್ತವರೆಷ್ಟು ಜನ! ಅದೇ ಸಂಜೆ ಗ್ಲಾಸು ಪೀಪಿ ಮೇಷ್ಟ್ರ ಮುಂದೆ ಬಂತು.

ಇವತ್ತು ಕ್ಲಾರಿನೆಟ್ ಮಗನ ತೊಡೆಯ ಮೇಲಿದೆ. ತಂಗಿ ಬಾಗಿಲಲ್ಲೇ ನನ್ನ ಕೈ ಹಿಡಿದು, "ಅಣ್ಣಾ, ಇವನನ್ನಾದ್ರೂ ನಂಗೆ ಬಿಟ್ಬಿಡಿ" ಅಂದಳು. ಇಷ್ಟು ದೊಡ್ಡ ಬಾಯಿ ನನ್ನದು — ಒಂದು ಮಾತೂ ಹೊರಡಲಿಲ್ಲ ತಾಯಿ.

ಎಲ್ಲರೂ ದಯವಿಟ್ಟು ಎದ್ದು ನಿಲ್ಲಿ. ಸ್ವಲ್ಪ ಹೊತ್ತು ಮಾತು ಬೇಡ, ಸದ್ದು ಬೇಡ — ಹಿಂದಿನ ಕೋಣೆಯಲ್ಲಿ ಗ್ಲಾಸು ಜೋಡಿಸುತ್ತಿರುವವರೇ, ನೀವೂ.